ಉತ್ತರದ ಕಡೆಯವರು ಹಾಗೇ

ಅಮೆರಿಕದಲ್ಲಿ ಈಗ ನಾವಿರುವ ನಾರ್‌ಕ್ರಾಸ್‌ನಲ್ಲಿ, ನಾವು ಕರಿಬೇವು, ಹುಣಸೇಹಣ್ಣು ತರುವ ಅಂಗಡಿಯ ಮಗ್ಗುಲಲ್ಲೇ ಕೊರಿಯಾದವರ ದೊಡ್ಡ ಅಂಗಡಿಯೊಂದಿದೆ. ಪನೀರಿನ ಬದಲು ತೋಫು ಹಾಕಬಹುದೆಂದು ನನ್ನ ಹೆಂಡತಿ ಶಾರದಾ ಯಾರಿಂದಲೋ ಕೇಳಿಕೊಂಡು ಬಂದಾಗಿನಿಂದ ತಿಂಗಳಿಗೊಮ್ಮೆ ಅಲ್ಲಿಗೂ ಹೋಗುತ್ತೇವೆ. ಕೊಲೆಸ್ಟರಾಲ್ ನನ್ನದು, ಸಂಶೋಧನೆ ಅವಳದು. ಕಳೆದ ಶನಿವಾರ ಅಲ್ಲಿಯ ಫ್ರಿಜ್ಜಿನ ಗಾಜಿನ ಬಾಗಿಲು ಎಳೆದಾಗ ಒಳಗೆ ಯಾವುದೋ ಡಬ್ಬಿಯ ಮುಚ್ಚಳ ಸಡಿಲವಾಗಿತ್ತೆಂದು ಕಾಣುತ್ತದೆ. ಹುದುಗು ಬಂದ ಸೋಯಾ ಕಾಳಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮಿಸೊ. ಜಪಾನಿನವರು ದಿನಾ ಸಾರಿಗೆ ಕದಡಿಕೊಳ್ಳುವ ಮುದ್ದೆ. ಕೆನೆಬಣ್ಣದ್ದು, ಇಟ್ಟಿಗೆ ಬಣ್ಣದ್ದು, ಹೆಚ್ಚುಕಡಿಮೆ ಕಪ್ಪೇ ಆಗಿಹೋದದ್ದು, ಹೀಗೆ ಸಾಲಾಗಿ ಕೂತಿದ್ದವು. ನಾನು ಬಾಗಿಲು ಹಿಡಿದುಕೊಂಡೇ ನಿಂತುಬಿಟ್ಟೆ.

"ರೀ, ಯಾವುದಾದ್ರೂ ಒಂದು ತಗೊಳ್ಳಿ, ಎಲ್ಲಾ ಒಂದೇ," ಎಂದಳು ಶಾರದಾ. ನಮಗೆ ಬೇಕಾದದ್ದು ತೋಫು ಎನ್ನುವುದು ಅವಳಿಗೂ ಮರೆತುಹೋಗಿತ್ತು.

ಎಲ್ಲಾ ಒಂದೇ ಅಲ್ಲ, ಬಿಳಿಯದು ಕ್ಯೋಟೊ ಕಡೆಯದು, ಕೆಂಪಗಿರುವುದು ಉತ್ತರದ್ದು, ಆ ಕಪ್ಪನೆಯದು ನಗೋಯಾದವರದು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನಾಲ್ಕೈದು ವರ್ಷದ ಹಿಂದೆ ಈ ಪಾಠವನ್ನು ಕೇಳಿದವರಿಗೂ ಕೇಳದವರಿಗೂ ಒಪ್ಪಿಸುತ್ತಿದ್ದೆ. ಒಂದು ಮಂಗಳವಾರ, ಒಪ್ಪಿಸಬಾರದ ಕಡೆ ಒಪ್ಪಿಸಿದೆ. ಅದನ್ನು ನಿಮಗೆ ಹೇಳಬೇಕು.

ಆಗ ನಾವು ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿದ್ದೆವು. ನಾನು ಕೆಲಸಕ್ಕಿದ್ದದ್ದು ಜಪಾನಿನವರ ಒಂದು ಕಾರ್ಖಾನೆಯಲ್ಲಿ. ಕಾರಿನ ಬಾಗಿಲ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿ ಮಾಡುತ್ತಿದ್ದೆವು; ಅದರ ಅಳತೆ ಸರಿಯಾಗಿದೆಯೇ, ಎಲ್ಲಾದರೂ ಸಂದಿ ಬಿಟ್ಟು ಮಳೆ ಒಳಗೆ ಬಂದೀತೇ ಎಂದು ನೋಡುವುದು ನನ್ನ ಕೆಲಸ. ಎಲ್ಲಿ ಏನು ಕೆಟ್ಟುಹೋದೀತೋ ಎಂದು ಚಿಂತೆ ಮಾಡುವುದಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ನನ್ನ ಪುಣ್ಯ. ಅದೇ ಕೆಲಸವನ್ನು ಮನೆಯಲ್ಲಿ ನಾನು ಬಿಟ್ಟಿಯಾಗಿ ಮಾಡುತ್ತಿದ್ದೆ, ಯಾರೂ ಬೇಡಿಕೊಳ್ಳದಿದ್ದರೂ.

ಜಪಾನಿನಿಂದ ಬಂದವರು ಅಲ್ಲಿ ಏಳೆಂಟು ಜನ ಇದ್ದರು. ನನಗೆ ಬೇಕಾದವರು ಇಬ್ಬರು. ಒಬ್ಬರು ತನಾಬೆ, ಒಸಾಕಾದವರು, ನನ್ನ ವಿಭಾಗದ ಹಿರಿಯರು. ಇನ್ನೊಬ್ಬರು ಕುದೊ, ಜಪಾನಿನ ಮುಖ್ಯ ದ್ವೀಪದ ಉತ್ತರದ ತುದಿಯ ಅವೊಮೊರಿಯವರು. ರಬ್ಬರನ್ನು ಹದಕ್ಕೆ ತಂದು ಹೊರತಳ್ಳುವ ಯಂತ್ರಗಳು ಅವರ ಕೈಯಲ್ಲಿದ್ದವು. ಕುದೊ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕಟ್ಟಡದಲ್ಲೇ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಅವರನ್ನು ದಿನಾ ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ರೂಢಿಯಾಯಿತು.

ಕೂತರೆ, ಮಾತಿಲ್ಲ. ಗುಡ್ ಮಾರ್ನಿಂಗ್ ಎಂದರೆ ಒಂದು ಸಲ ತಲೆ ಬಾಗಿಸುವರು. ಇಪ್ಪತ್ತೈದು ನಿಮಿಷ ರಸ್ತೆ ನೋಡುವರು. ಇಳಿಯುವಾಗ ಇನ್ನೊಂದು ಸಲ ತಲೆ ಬಾಗಿಸುವರು. ನಾನು ಮೈಸೂರಿನವನು, ಪಕ್ಕದಲ್ಲಿ ಕೂತವರು ಎರಡು ನಿಮಿಷ ಸುಮ್ಮನಿದ್ದರೆ ನನ್ನಿಂದೇನೋ ತಪ್ಪಾಗಿದೆ ಎಂದೇ ಅರ್ಥ. ಮೊದಲ ವಾರ ನನ್ನ ಡ್ರೈವಿಂಗ್ ಸರಿಯಿಲ್ಲವೆಂದುಕೊಂಡೆ. ಎರಡನೆಯ ವಾರ ನನ್ನ ಊಟದ ಡಬ್ಬಿಯ ಇಂಗಿನ ವಾಸನೆ ಇರಬಹುದೆಂದು ಅದನ್ನು ಡಿಕ್ಕಿಯಲ್ಲಿಟ್ಟೆ. ಮೂರನೆಯ ವಾರ ತಡೆಯಲಾರದೆ ತನಾಬೆಯವರನ್ನು ಕೇಳಿದೆ, ಕುದೊ ಅವರಿಗೆ ನನ್ನ ಮೇಲೆ ಕೋಪವೇ ಎಂದು.

ತನಾಬೆ ನಕ್ಕದ್ದು ಪಕ್ಕದ ಲೈನಿನವರಿಗೂ ಕೇಳಿಸಿತು. ನಮ್ಮ ಅಳತೆಯ ಹಾಳೆಯೊಂದನ್ನು ಮಗುಚಿ, ಹಿಂಭಾಗದಲ್ಲಿ ಬಾಗಿದ ಹಾಗಲಕಾಯಿಯ ಹಾಗೆ ಜಪಾನನ್ನು ಬರೆದರು. "ನೀವು ಒಂದೇ ಜಪಾನ್ ಅಂದುಕೊಂಡಿದ್ದೀರಿ," ಎಂದು ಪೆನ್ಸಿಲಿನಿಂದ ಒಂದೊಂದೇ ಕಡೆ ಕುಟ್ಟುತ್ತಾ ಹೋದರು. ಒಸಾಕಾದವರು ವ್ಯಾಪಾರಿಗಳು, ಬಾಯಿ ಜೋರು, ಹೊಸ ಕೋಟು ಕೊಂಡರೆ ಎಷ್ಟು ಅಗ್ಗಕ್ಕೆ ಸಿಕ್ಕಿತೆಂದು ಜಂಬ ಪಡುವರು. ಟೋಕಿಯೊದವರು ಅದೇ ಕೋಟಿನ ಬೆಲೆ ಎಷ್ಟು ಹೆಚ್ಚೆಂದು ಜಂಬ ಪಡುವರು. ಕ್ಯೋಟೊದವರ ಮನೆಯಲ್ಲಿ, ಅನ್ನಕ್ಕೆ ಚಹಾ ಹಾಕಿ ಕೊಡಲೇ, ಒಂದು ತುತ್ತು ತಿಂದು ಹೋಗಿ ಎಂದು ನಯವಾಗಿ ಕೇಳಿದರೆ, ಎದ್ದು ಚಪ್ಪಲಿ ಮೆಟ್ಟಿಕೊಳ್ಳಬೇಕು. ಹೊತ್ತಾಯಿತು, ಹೊರಡಿ ಎಂದು ಅದರ ಅರ್ಥ. ಇದನ್ನು ಕೇಳಿ ನನಗೆ ಬೆವರು ಬಂತು. ನಮ್ಮ ಕಡೆ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಎಲೆಯ ಮುಂದೆ ಕೂರುವುದು ಮರ್ಯಾದೆ. ನಮ್ಮತ್ತೆಯವರೇನಾದರೂ ಕ್ಯೋಟೊಗೆ ಹೋಗಿದ್ದರೆ ಎರಡು ಸಲ ಬೇಡವೆಂದು, ಮೂರನೆಯ ಸಲ ಕರೆಯುತ್ತಾರೆಂದು ಕಾಯುತ್ತಾ ಸಂಜೆಯವರೆಗೆ ಅಲ್ಲೇ ಕೂತಿರುತ್ತಿದ್ದರು.

ಕೊನೆಗೆ ಪೆನ್ಸಿಲು ಹಾಗಲಕಾಯಿಯ ತೊಟ್ಟಿನ ಹತ್ತಿರ ಹೋಯಿತು. ಕುದೊ ಅವರ ಊರು. ಅಲ್ಲಿ ಚಳಿಗಾಲಕ್ಕೆ ಹಿಮ ಕಿಟಕಿಯ ಮೇಲೆ ಏರುತ್ತದಂತೆ. "ಬೀದೀಲಿ ಇಬ್ಬರು ಎದುರಾದರೆ ಒಬ್ಬ 'ದೊಸ' ಅಂತಾನೆ, ಎಲ್ಲಿಗೆ ಹೊರಟೆ ಅಂತ. ಇನ್ನೊಬ್ಬ 'ಯುಸ' ಅಂತಾನೆ, ಸ್ನಾನದ ಮನೆಗೆ ಅಂತ. ಮಾತು ಮುಗೀತು. ಹೆಚ್ಚು ಹೊತ್ತು ಬಾಯಿ ತೆರೆದರೆ ಹಿಮ ಒಳಗೆ ಹೋಗತ್ತಲ್ಲ. ನಿಮ್ಮ ಮೇಲೆ ಕೋಪ ಏನಿಲ್ಲ. ಉತ್ತರದ ಕಡೆಯವರು ಹಾಗೇ."

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಚಿಂತೆಗಾರನಿಗೆ ಒಂದು ವಿವರಣೆ ಕೊಟ್ಟುನೋಡಿ, ಅದನ್ನು ಔಷಧಿಯ ಹಾಗೆ ದಿನಕ್ಕೆ ಮೂರು ಹೊತ್ತು ತೆಗೆದುಕೊಳ್ಳುತ್ತಾನೆ. ಆ ಹಾಳೆಯನ್ನು ನನ್ನ ಮೇಜಿನ ಗಾಜಿನಡಿ ಇಟ್ಟೆ. ಅಲ್ಲಿಯ ಅಮೆರಿಕನ್ನರಿಗೆ ಮೊದಲಿನಿಂದಲೂ ಇಂಡಿಯಾದವನಿಗೆ ಜಪಾನಿನವರ ಮನಸ್ಸು ಗೊತ್ತಿರಲೇಬೇಕು, ಎರಡೂ ಅಕ್ಕಪಕ್ಕವಲ್ಲವೇ ಎಂಬ ನಂಬಿಕೆ. ನಾನು ಅದನ್ನು ತಿದ್ದುವ ಬದಲು ಬೆಳೆಸಿದೆ. ಆ ಮ್ಯಾನೇಜರು ಯಾಕೆ ಹಾಗೆ, ಈ ಇಂಜಿನಿಯರು ಯಾಕೆ ಹೀಗೆ ಎಂದು ಕೇಳುತ್ತಾ ಬರುವರು. ನಾನು ಗಾಜಿನ ಮೇಲೆ ಬೆರಳಿಟ್ಟು ಊರು ತೋರಿಸಿ ಉತ್ತರ ಕೊಡುವೆ. ನನ್ನ ಉತ್ತರ ಬಹಳ ಸಲ ಸರಿಯೂ ಆಗುತ್ತಿತ್ತು, ಅದೇ ಆಪತ್ತು. ಮೈಸೂರಿನವರ ನಯ, ಧಾರವಾಡದವರ ನೇರ ನುಡಿ ಎಂದು ನಾವೂ ಹೇಳುವುದಿಲ್ಲವೇ? ಸುಳ್ಳೇನಲ್ಲವಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅರ್ಧ ಇಂಚು ಹಿಮ ಬಿತ್ತು. ಇಡೀ ಊರು ಬಾಗಿಲು ಹಾಕಿಕೊಂಡಿತು. ಅಂಗಡಿಗಳಲ್ಲಿ ಬ್ರೆಡ್ಡು ಹಾಲು ಹಿಂದಿನ ದಿನವೇ ಖಾಲಿ. ನಾನು ಮೂರು ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆದರೆ ಕುದೊ ಎಂದಿನ ಹೊತ್ತಿಗೆ, ಎಂದಿನ ಜಾಕೆಟ್ಟಿನಲ್ಲಿ, ಊಟದ ಡಬ್ಬಿ ಹಿಡಿದು ನಿಂತಿದ್ದರು. ರೋಡ್ ಬಹಳ ಡೇಂಜರ್, ಸ್ನೋ ಎಂದೆ. ಅವರು ನೆಲ ನೋಡಿದರು, ನನ್ನನ್ನು ನೋಡಿದರು, ಬೂಟಿನ ತುದಿಯಿಂದ ಹಿಮವನ್ನು ಸ್ವಲ್ಪ ಕೆರೆದರು. "ಇದು ಸ್ನೋ ಅಲ್ಲ," ಎಂದು ನಕ್ಕರು. ಅವರ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. ಅಂದು ನಾವು ಕಾರ್ಖಾನೆಗೆ ಹೋದೆವು. ಅಲ್ಲಿ ವಾಚ್‌ಮನ್ನಿನ ಜತೆಗೆ ನಾವಿಬ್ಬರೇ.

ಅದಕ್ಕೂ ಮುಂಚೆ, ಅಕ್ಟೋಬರಿನಲ್ಲಿರಬೇಕು, ಅವರು ತಾವಾಗಿಯೇ ಒಂದು ಮಾತು ಆಡಿದ್ದರು. ಎಪ್ಪತ್ತೇಳನೆಯ ಹೆದ್ದಾರಿಗೆ ಸೇರುವ ಜಾಗದಲ್ಲಿ ದೊಡ್ಡ ಟ್ರಕ್ಕೊಂದು ನನ್ನ ಎಡಗಡೆ ಬಂದಿತ್ತು. ಅದು ನನ್ನನ್ನು ಬಿಡುತ್ತದೋ ಇಲ್ಲವೋ ಎಂದು ನಾನು ಸ್ಟೀಯರಿಂಗ್ ಹಿಡಿದು ಒದ್ದಾಡುತ್ತಿದ್ದೆ. "ನನಗೊಬ್ಬಳು ಮಗಳಿದ್ದಾಳೆ. ಕೋಬೆಯಲ್ಲಿ. ನರ್ಸಿಂಗ್ ಓದುತ್ತಾಳೆ," ಎಂದರು. ವೆರಿ ಗುಡ್, ವೆರಿ ಗುಡ್ ಎಂದೆ, ಟ್ರಕ್ಕನ್ನೇ ನೋಡುತ್ತಾ. ನೀವು ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಜನವರಿಯ ಆ ಸೋಮವಾರ ಮಧ್ಯಾಹ್ನದ ಮೇಲೆ, ಜಪಾನಿನಲ್ಲಿ ಬೆಳಕು ಹರಿಯುವ ಮುಂಚೆ, ಕೋಬೆಯಲ್ಲಿ ಭೂಮಿ ನಡುಗಿತು. ಸಂಜೆಯ ಟೀವಿಯಲ್ಲಿ, ಕಂಬಗಳ ಮೇಲೆ ನಿಂತಿದ್ದ ಹೆದ್ದಾರಿಯೊಂದು ಇಡಿಯಾಗಿ ಪಕ್ಕಕ್ಕೆ ಮಲಗಿದ್ದನ್ನು ತೋರಿಸಿದರು. ಬೆಂಕಿ, ಹೊಗೆ. ಒಸಾಕಾ ಅಲ್ಲಿಗೆ ಹತ್ತಿರ. ತನಾಬೆಯವರ ಮುದುಕಿ ತಾಯಿ ಒಸಾಕಾದಲ್ಲಿದ್ದರು. ನನಗೆ ಅನ್ನ ಸೇರಲಿಲ್ಲ. ಅವರ ಮನೆಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಎಂಗೇಜ್.

ಮಂಗಳವಾರ ಬೆಳಿಗ್ಗೆ ಕುದೊ ಎಂದಿನ ಹೊತ್ತಿಗೆ ಬಂದು ಕಾರಿನಲ್ಲಿ ಕೂತರು. ಟೆರಿಬಲ್ ನ್ಯೂಸ್ ಎಂದೆ. ಹೌದು ಎಂದರು. ಆಮೇಲೆ ಇಪ್ಪತ್ತೈದು ನಿಮಿಷ ನಾನು ಒಂದೇ ಸಮನೆ ಮಾತಾಡಿದೆ. ತನಾಬೆಯವರ ತಾಯಿಯ ವಯಸ್ಸು, ಹಳೆಯ ಮರದ ಮನೆಗಳು, ಫೋನಿನ ಲೈನುಗಳು, ಪಾಪ ತನಾಬೆ, ಪಾಪ ತನಾಬೆ. ಪಕ್ಕದಲ್ಲಿ ಕೂತವರು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಆ ಇಪ್ಪತ್ತೈದು ನಿಮಿಷವನ್ನು ನೆನೆದರೆ ಈಗಲೂ ನನ್ನ ಬಾಯಿಯನ್ನು ನಾನೇ ಮುಚ್ಚಬೇಕೆನ್ನಿಸುತ್ತದೆ.

ಕಾರ್ಖಾನೆಯಲ್ಲಿ ತನಾಬೆಯವರ ಸುತ್ತ ಗುಂಪು. ತಾಯಿ ಫೋನಿಗೆ ಸಿಕ್ಕಿದ್ದರು. ಪಿಂಗಾಣಿಯ ಕಪಾಟು ಬಿದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಮೆರಿಕದಿಂದ ಇಷ್ಟು ಹೊತ್ತು ಮಾತಾಡ್ತೀಯಲ್ಲ, ನಿನಗೆ ದುಡ್ಡು ಹೆಚ್ಚಾಗಿದೆಯಾ ಎಂದು ಬೈದರಂತೆ. ತನಾಬೆ ತಾಯಿಯ ದನಿ ಮಾಡಿ ತೋರಿಸಿದರು, ಎಲ್ಲರೂ ನಕ್ಕರು. ನಕ್ಕವರ ಕಣ್ಣಲ್ಲಿ ನೀರೂ ಇತ್ತು. ಒಸಾಕಾದವರು ಹಾಗೇ, ದುಃಖವನ್ನೂ ನಗೆಯಲ್ಲಿ ಹೊರಗೆ ಹಾಕುತ್ತಾರೆ ಎಂದು ನಾನು ಪಕ್ಕದವನಿಗೆ ವಿವರಿಸಿದೆ.

ಮಧ್ಯಾಹ್ನ ಊಟವಾದ ಮೇಲೆ ಡೇಲ್ ನನ್ನ ಮೇಜಿನ ಹತ್ತಿರ ಬಂದ. ಡೇಲ್ ಯಂತ್ರಗಳ ಕಡೆಯ ಮೇಲ್ವಿಚಾರಕ, ಆ ಊರಿನ ಮಣ್ಣಿನಲ್ಲೇ ಹುಟ್ಟಿದವನು, ದೊಡ್ಡ ಆಳು. ಕೆರೊಲಿನಾದವರ ಪದ್ಧತಿಯಂತೆ ಮೊದಲು ಹೆಂಡತಿ ಹೇಗಿದ್ದಾಳೆ, ಮಗಳು ಹೇಗಿದ್ದಾಳೆ, ಚಳಿ ಹೇಗಿದೆ ಎಂದೆಲ್ಲ ವಿಚಾರಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕುದೊ ಸರಿಯಾಗಿದ್ದಾನಾ? ಊಟದ ಡಬ್ಬಿ ಬಿಚ್ಚೇ ಇಲ್ಲ. ಬೆಳಿಗ್ಗೆಯಿಂದ ಒಂದೇ ಅಚ್ಚನ್ನ ಮೂರು ಸಲ ಒರೆಸಿದ. ಅವನ ಕಡೆಯವರು ಯಾರಾದ್ರೂ ಅಲ್ಲಿದ್ದಾರಾ? ಇದ್ದರೆ ಮನೆಗೆ ಕಳಿಸ್ತೀನಿ."

ನಾನು ಗಾಜಿನ ಮೇಲೆ ಬೆರಳಿಟ್ಟೆ. ನಿಜವಾಗಿಯೂ ಇಟ್ಟೆ. ಕೋಬೆ ಇಲ್ಲಿದೆ, ಕುದೊ ಅವರ ಊರು ನೋಡಿ ಅಲ್ಲಿ ಮೇಲಿದೆ, ಬಹಳ ದೂರ. "ಚಿಂತೆ ಮಾಡಬೇಡಿ. ಉತ್ತರದ ಕಡೆಯವರು ಹಾಗೇ, ಮಾತಿಲ್ಲ," ಎಂದೆ. ಜೀವಮಾನದಲ್ಲಿ ನಾನು ಇನ್ನೊಬ್ಬರಿಗೆ ಚಿಂತೆ ಮಾಡಬೇಡಿ ಎಂದದ್ದು ಅದೊಂದೇ ಸಲ ಇರಬೇಕು.

"ಸರಿ, ನಿಮಗೆ ಗೊತ್ತಿರತ್ತೆ ಬಿಡಿ," ಎಂದು ಡೇಲ್ ಟೋಪಿ ಹಾಕಿಕೊಂಡು ಹೊರಟ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿಗೆ ಜಪಾನಿನಿಂದ ಕುದೊ ಅವರ ಅಣ್ಣನ ಫೋನ್ ಬಂತು. ಎತ್ತಿದವರು ತನಾಬೆ. ಅವರು ಫೋನಿಟ್ಟು ಗಾಜಿನ ಬಾಗಿಲು ತಳ್ಳಿಕೊಂಡು ಯಂತ್ರಗಳ ನಡುವೆ ಓಡುವ ಹಾಗೆ ಹೋದದ್ದನ್ನು ನೋಡಿದೆ. ಕುದೊ ಅವರ ಎದುರು ನಿಂತು ಏನೋ ಹೇಳಿದರು. ಕುದೊ ಯಂತ್ರ ನಿಲ್ಲಿಸಿದರು, ಕೈಗವಸು ಬಿಚ್ಚಿ ಒಂದರ ಮೇಲೊಂದು ಇಟ್ಟರು, ಅಲ್ಲಿದ್ದ ರಬ್ಬರಿನ ಮೂಟೆಯ ಮೇಲೆ ಕೂತರು. ತನಾಬೆ ಅವರ ಹೆಗಲ ಮೇಲೆ ಕೈಯಿಟ್ಟರು. ಸದಾ ಮಾತಾಡುವ ಆ ಮನುಷ್ಯ ಅಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ಮಗಳು ಬದುಕಿದ್ದಳು. ಆ ಸುದ್ದಿಯನ್ನು ನನಗೆ ಹೇಳುವಾಗ ತನಾಬೆ, ನಿಮ್ಮ ಜತೆ ದಿನಾ ಬರುತ್ತಾನಲ್ಲ, ಮಗಳು ಅಲ್ಲಿದ್ದಾಳೆ ಅಂತ ನಿಮಗೂ ಹೇಳಿರಲಿಲ್ಲವಾ ಎಂದು ಕೇಳಿದರು. ಹೇಳಿದ್ದರು ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ ತಮ್ಮ ಮೇಜಿಗೆ ಹೋದರು.

ಕಂಪೆನಿ ಗುರುವಾರಕ್ಕೆ ಟಿಕೆಟ್ ಮಾಡಿಸಿತು. ಷಾರ್ಲೆಟ್‌ನ ವಿಮಾನ ನಿಲ್ದಾಣಕ್ಕೆ ನಾನೇ ಬಿಡುತ್ತೇನೆಂದೆ. ಕುದೊ ಒಂದು ಸಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಹೆದ್ದಾರಿ ಸೇರಿದ ಮೇಲೆ, ಇನ್ನು ಹೇಳದಿದ್ದರೆ ಹೇಳುವುದೇ ಇಲ್ಲವೆಂದು ಗೊತ್ತಾಗಿ, ಹೇಳಿದೆ. ಮಂಗಳವಾರ ಡೇಲ್ ಕೇಳಿದ್ದು. ನಿಮ್ಮನ್ನು ಮನೆಗೆ ಕಳಿಸಲು ಸಿದ್ಧನಿದ್ದದ್ದು. ನಾನು ಉತ್ತರದ ಕಡೆಯವರು ಹಾಗೇ ಎಂದು ತಡೆದದ್ದು. ನೀವು ಮಗಳ ವಿಷಯ ಹೇಳಿದ್ದು ನನಗೆ ನೆನಪಾಗಲಿಲ್ಲವೆಂದದ್ದು ಕೊನೆಗೆ.

ಎರಡು ಎಕ್ಸಿಟ್ ದಾಟಿದವು. ಆಮೇಲೆ, ಇಂಗ್ಲಿಷಿನ ಒಂದೊಂದೇ ಪದ ಹುಡುಕಿ ಜೋಡಿಸುತ್ತಾ, ನಾನು ಅವರಿಂದ ಕೇಳಿದ ಅತ್ಯಂತ ಉದ್ದದ ಮಾತನ್ನಾಡಿದರು. ಮಗಳು ಮತ್ತು ಅವಳ ಗೆಳತಿ ಒಂದೇ ಕೋಣೆಯಲ್ಲಿದ್ದರು. ಮನೆ ಕುಸಿಯಿತು, ಮಗಳನ್ನು ಅಕ್ಕಪಕ್ಕದವರು ಹೊರಗೆ ಎಳೆದರು. ಗೆಳತಿ ಸಂಜೆಯವರೆಗೆ ಮರದ ತೊಲೆಗಳ ಕೆಳಗಿಂದ ಓಗೊಡುತ್ತಿದ್ದಳು, ಆಮೇಲೆ ಓಗೊಡಲಿಲ್ಲ; ಅದನ್ನು ಅಣ್ಣನಿಗೆ ಹೇಳಿದ್ದು ಆ ಅಕ್ಕಪಕ್ಕದವರೇ. ಮಗಳು ಒಂದು ಸ್ಕೂಲಿನ ಹತ್ತಿರದ ಪಬ್ಲಿಕ್ ಫೋನಿಗೆ ಸಾಲಿನಲ್ಲಿ ನಿಂತಳು. ನಾಲ್ಕು ಗಂಟೆ ನಿಂತಳು. ಅವಳ ಸರದಿ ಬಂದಾಗ ಫೋರ್ಟ್ ಮಿಲ್‌ನಲ್ಲಿ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ಅಪಾರ್ಟ್‌ಮೆಂಟಿಗೆ ಫೋನ್ ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ಹಿಂದೆ ಜನ ಕಾಯುತ್ತಿದ್ದರು, ಇಟ್ಟುಬಿಟ್ಟಳು.

"ಇವತ್ತು ಅಪ್ಪ ಫೋನಿನ ಪಕ್ಕದಲ್ಲೇ ಕೂತಿರ್ತಾರೆ ಅಂತ ಅವಳು ಅಂದುಕೊಂಡಳು," ಎಂದರು ಕುದೊ. "ನಾನು ಕೆಲಸಕ್ಕೆ ಹೋದೆ."

ಡೇಲ್‌ಗೆ ನಾನು ಹಾಗೆ ಹೇಳಿದ್ದು ಮಧ್ಯಾಹ್ನ, ಅವಳು ಫೋನ್ ಮಾಡಿದ್ದು ಬೆಳಿಗ್ಗೆ ಎಂದು ನನ್ನ ತಲೆ ತಕ್ಷಣ ಲೆಕ್ಕ ಹಾಕಿತು. ನಾಚಿಕೆಯ ಸಂಗತಿ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಬಿಡುಗಡೆ ಸಿಗಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಕಾರಿನ ಬಾಗಿಲಲ್ಲಿ, ನಿಮ್ಮ ಮಗಳು ಹೇಗಿದ್ದಾಳೆ ಎಂದು ಕೇಳಬೇಕಾದವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನು ತನಾಬೆಯವರ ತಾಯಿಯ ವಿಷಯ ಮಾತಾಡುತ್ತಿದ್ದ.

ಕುದೊ ಇನ್ನೂ ಒಂದು ಮಾತು ಹೇಳಿದರು. ನಿಲ್ದಾಣದ ಮುಂದೆ ಕಾರು ನಿಲ್ಲಿಸಿದಾಗ ಇಳಿಯಲಿಲ್ಲ. ಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ನೀವು ಹೇಳಿದ್ದನ್ನೇ ಆ ಬೆಳಿಗ್ಗೆ ನನಗೆ ನಾನೂ ಹೇಳಿಕೊಂಡೆ. ನಮ್ಮ ಕಡೆಯವರು ಹಾಗೇ. ಹಿಮ ಬಿದ್ದರೂ ಕೆಲಸಕ್ಕೆ ಹೋಗ್ತೀವಿ. ಯಾರಿಗೂ ಹೇಳಲ್ಲ." ಬಾಗಿಲು ತೆರೆದು, "ಹೇಳಬಹುದಿತ್ತು," ಎಂದರು.

ಬಾಗಿಲ ಹೊರಗೆ ನಿಂತು ತಲೆ ಬಾಗಿಸಿದರು. ನಾನೂ ಸೀಟ್ ಬೆಲ್ಟಿನೊಳಗಿಂದಲೇ ಬಾಗಿಸಿದೆ. ಅವರು ಮತ್ತೆ ಕೆರೊಲಿನಾಕ್ಕೆ ಬರಲಿಲ್ಲ. ಮಗಳ ಹತ್ತಿರ ಇರಬೇಕೆಂದು ಅಲ್ಲಿಯೇ ಕೆಲಸ ಕೇಳಿಕೊಂಡರಂತೆ. ಅವಳು ಗೆಳತಿಯ ವಿಷಯವನ್ನು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ, ಆ ಒಂದು ಫೋನಿನಲ್ಲಿ ಹೇಳಬೇಕೆಂದಿದ್ದಳೋ ಏನೋ, ಆಮೇಲೆ ಅದು ಒಳಗೇ ಕೂತುಬಿಟ್ಟಿತು ಎಂದು ತನಾಬೆ ಒಮ್ಮೆ ಹೇಳಿದರು.

ಶುಕ್ರವಾರ ಡೇಲ್‌ನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಆ ಕಡೆಯವರ ಸೌಜನ್ಯ ಅದಕ್ಕೂ ಅವಕಾಶ ಕೊಡಲಿಲ್ಲ. "ನಿಮ್ಮದೇನಿಲ್ಲ, ಸರ್. ಅವನು ಇಪ್ಪತ್ತು ಅಡಿ ದೂರದಲ್ಲಿ ನಿಂತಿದ್ದ. ಅವನ ವಿಷಯ ಅವನನ್ನೇ ಕೇಳಬೇಕಿತ್ತು, ನಾನು ನಿಮ್ಮನ್ನ ಕೇಳಿದೆ." ನೋಡಿ, ಕೆರೊಲಿನಾದವರು ಹಾಗೇ ಎಂದು ಬರೆಯಲು ಈಗಲೂ ಕೈ ತುರಿಸುತ್ತಿದೆ.

ಹಾಗಾದರೆ ತನಾಬೆಯವರ ಹಾಗಲಕಾಯಿ ಸುಳ್ಳೇ? ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳಲ್ಲ. ಆರು ತಿಂಗಳು ಹಿಮದಡಿ ಬದುಕುವವರ ಮಾತು, ಬಂದರಿನಲ್ಲಿ ಕೂಗಿ ವ್ಯಾಪಾರ ಮಾಡುವವರ ಮಾತು ಬೇರೆಬೇರೆಯಾಗಿಯೇ ಇರುತ್ತದೆ. ಆದರೆ ನನಗೆ ಅದು ಜನರ ಕಡೆ ನೋಡಲು ಬೇಕಾಗಿರಲಿಲ್ಲ. ನೋಡುವುದನ್ನು ನಿಲ್ಲಿಸಲು ಬೇಕಾಗಿತ್ತು. ಪಕ್ಕದಲ್ಲಿ ಕೂತವರ ಮೌನ ನನ್ನ ಕಡೆಗಿನ ಕೋಪವಲ್ಲವೆಂದು ಗೊತ್ತಾದ ಕ್ಷಣವೇ ಆ ಮೌನದಲ್ಲಿ ನನಗೆ ಆಸಕ್ತಿ ಹೊರಟುಹೋಗಿತ್ತು. ದಿನವಿಡೀ ಚಿಂತೆ ಮಾಡುವವನು ಬಹುಪಾಲು ತನ್ನ ಬಗ್ಗೆಯೇ ಚಿಂತೆ ಮಾಡುತ್ತಾನೆ ಎಂಬುದು ನನಗೆ ಗೊತ್ತಾದದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ತಡವಾಯಿತು.

ಅಂಗಡಿಯಿಂದ ತೋಫು ತೆಗೆದುಕೊಂಡು ಹೊರಗೆ ಬಂದೆವು. ಕಾರಿನ ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಅನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಹದಿನೈದು ವರ್ಷ. ಹದಿನೈದು ದಿನದಿಂದ ಮನೆಯಲ್ಲಿ ಎರಡಕ್ಷರಕ್ಕಿಂತ ಹೆಚ್ಚು ಆಡಿರಲಿಲ್ಲ. ಇಲ್ಲಿ ಬೆಳೆದ ಮಕ್ಕಳು ಈ ವಯಸ್ಸಿಗೆ ಹಾಗೇ ಎಂದು ನಾನೂ ಶಾರದಾಳೂ ತೀರ್ಮಾನಿಸಿ, ಸ್ನೇಹಿತರ ಮನೆಗಳಲ್ಲಿ ಹೋಲಿಸಿ ನೋಡಿ, ಹೌದೆಂದು ಖಾತ್ರಿ ಮಾಡಿಕೊಂಡಿದ್ದೆವು.

ನಾನು ಕೀಯನ್ನು ಶಾರದಾಳ ಕೈಗೆ ಕೊಟ್ಟೆ. ನೀನು ಡ್ರೈವ್ ಮಾಡು ಎಂದು ಹಿಂದಿನ ಬಾಗಿಲು ತೆಗೆದು ಅನುವಿನ ಪಕ್ಕ ಕೂತೆ.

"ವಾಟ್ ಆರ್ ಯೂ ಡೂಯಿಂಗ್, ಅಪ್ಪ?"

"ಏನಾಯ್ತು ಪುಟ್ಟಿ, ಅಂತ ಕೇಳೋಣ ಅಂತ ಬಂದೆ."

"ನಥಿಂಗ್."

ಸರಿ ಎಂದೆ, ಆದರೆ ಮುಂದಿನ ಸೀಟಿಗೆ ಹೋಗಲಿಲ್ಲ. ಕಾರು ಹೊರಟಿತು. ಎಷ್ಟೋ ಹೊತ್ತು ಅವಳೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ನನ್ನಂಥವನಿಗೆ ಅದೆಷ್ಟು ಕಷ್ಟವೆಂದು ನಿಮಗೀಗ ಗೊತ್ತು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದಳು.

"ಅಪ್ಪ, ನೀನು ಬೈಬಾರ್ದು. ಓಕೆ?"

ಬೈಯುವುದಿಲ್ಲ ಎಂದೆ. ಅವಳು ತನ್ನ ಅರೆಬರೆ ಕನ್ನಡದಲ್ಲಿ, ಸಾಲದ ಕಡೆ ಇಂಗ್ಲಿಷ್ ಸೇರಿಸಿ, ಹೇಳತೊಡಗಿದಳು. ಏನೆಂಬುದು ಅವಳಿಗೆ ಸೇರಿದ್ದು, ಇಲ್ಲಿ ಬರೆಯುವುದಿಲ್ಲ. ಮುಂದೆ ಶಾರದಾಳ ಎರಡೂ ಕಿವಿ ಹಿಂದಕ್ಕೆ ತಿರುಗಿದ್ದವು, ಮುಖ ಮಾತ್ರ ರಸ್ತೆಯ ಕಡೆಗಿತ್ತು. ನಮ್ಮ ಮನೆಯ ತಿರುವು ಬಂತು. ಅನು ಇನ್ನೂ ಹೇಳುತ್ತಲೇ ಇದ್ದಳು. ಶಾರದಾ ಇಂಡಿಕೇಟರ್ ಹಾಕಿದವಳು, ಒಂದು ಗಳಿಗೆ ತಡೆದು, ಅದನ್ನು ಆರಿಸಿ, ನೇರ ಮುಂದಕ್ಕೆ ಹೋದಳು.